ಸೊನ್ನೆಯ ಹೊಟ್ಟೆ

ವಾಂಗರಾಟಾದ ಹೊರಗೆ, ಕುರಿಸಂತೆಯ ಷೆಡ್ಡಿನ ಬೆನ್ನಿಗೆ
ತಗಡಿನ ಹ್ಯಾಂಗರು. ಶನಿವಾರ.
ಎರಡು ಮರಗುದುರೆಗಳ ಮೇಲೆ ಅಡ್ಡ ಮಲಗಿದೆ
ವಿಮಾನದ ಅಲಗು,
ನನ್ನ ಎತ್ತರಕ್ಕೆ ಒಂದು ಗೇಣು ಕಡಿಮೆ.
ಯುದ್ಧ ಮುಗಿದ ಮೇಲೆ ಯಾರದೋ ಹೊಲದ ದಿಡ್ಡಿಗೆ
ಎಪ್ಪತ್ತು ವರ್ಷ ಅಗುಳಿಯಾಗಿತ್ತಂತೆ.
ಕಾಕಟೂಗಳು ಬಣ್ಣ ಕಿತ್ತು ರುಚಿ ನೋಡಿವೆ.

ನಾನು ವಾರವೆಲ್ಲ ಹಲ್ಲಿನ ಡಾಕ್ಟರ ಪಕ್ಕ ನಿಂತು
ಎಂಜಲು ಹೀರುವ ಕೊಳವೆ ಹಿಡಿಯುವವಳು.
ಇಲ್ಲಿ ಕೊಟ್ಟ ಕೆಲಸವೂ ಅಂಥದೇ:
ನೀರಲ್ಲಿ ನೆನೆದ ಉಪ್ಪುಕಾಗದ, ಸಣ್ಣ ಕೈ, ಅವಸರವಿಲ್ಲ.

ಮೊದಲು ಬಂದದ್ದು ದಿಡ್ಡಿಯ ಹಸಿರು. ಅದರ ಕೆಳಗೆ ಸುಣ್ಣ.
ಅದರ ಕೆಳಗೆ ಕಪ್ಪು,
ಬಿಸಿಲು ಹೊಳೆದು ಹಾರಿಸುವವನ ಕಣ್ಣು ಕುಕ್ಕದಿರಲೆಂದು ಬಳಿದ
ಹಂಚಿನ ತಳದಂಥ ಕಪ್ಪು.
ಆ ಕಪ್ಪಿನೊಳಗೆ, ಮೂರನೆಯ ಶನಿವಾರ ಮಧ್ಯಾಹ್ನ,
ಹಳದಿ ಅಂಕಿ.

ನಕ್ಷೆಯ ಸಂಖ್ಯೆ. ಅಲಗಿನ ಸಂಖ್ಯೆ.
ಕೆಳಕೋನ ಇಪ್ಪತ್ತನಾಲ್ಕೂವರೆ.
ಮೇಲುಕೋನ ಇರಬೇಕಾದಲ್ಲಿ ಅಗುಳಿ ಉಜ್ಜಿದ ಬರೀ ಲೋಹ.

"ಓದಬೇಡ, ಮೊದಲು ಅಳೆ," ಅಂದ ಕ್ಲೆಮ್ ಪಾರ್ಗೆಟರ್,
ಕಸಾಯಿಖಾನೆಯಿಂದ ಬ್ಯಾಂಕಿನವರೆಗೆ
ಈ ಊರಿನ ಬೋರ್ಡುಗಳನ್ನೆಲ್ಲ ಬರೆದವನು.
ಬುಡದಿಂದ ಎಷ್ಟು ಇಂಚು, ಅಂಕಿ ಎಷ್ಟು ಎತ್ತರ,
ಎರಡರ ನಡುವೆ ಎಷ್ಟು ಖಾಲಿ.

ಅಳೆಯುವಾಗ ಕಂಡಿತು: ಅಲಗಿನ ಸಂಖ್ಯೆಯ ನಾಲ್ಕನೆಯ ಅಂಕಿ
ಅಚ್ಚಿನದಲ್ಲ.
ಅಚ್ಚಿನ ಮೂರನ್ನು ಒರೆಸಿ ಕುಂಚದಲ್ಲಿ ಬರೆದ ಸೊನ್ನೆ.
ಗಡಿಬಿಡಿಯ ಸೊನ್ನೆ, ಬಾಲ ಚೂರು ಹೊರಬಂದದ್ದು,
ಊಟದ ಗಂಟೆ ಹೊಡೆಯುತ್ತಿದ್ದಾಗ ಬರೆದಂಥದ್ದು.
ಉಳಿದ ಸೊನ್ನೆಗಳಿಗೆ ಮೇಲೊಂದು ಕೆಳಗೊಂದು ಸೀಳು.
ಇದೊಂದೇ ಪೂರ್ತಿ ಮುಚ್ಚಿದ್ದು.

"ಬಣ್ಣದಲ್ಲಿ ಅದು ಸೀಳು, ತಗಡಿನಲ್ಲಿ ಸೇತುವೆ," ಕ್ಲೆಮ್ ಹೇಳಿದ.
"ಅದಿಲ್ಲದಿದ್ದರೆ ಹೊಟ್ಟೆ ಕಳಚಿ ಬೀಳುತ್ತದೆ."

ಈ ಮಾತು ನನಗೆ ಹಳೆಯದು.
ಗದಗಿನ ಜಿನ್ನಿಂಗ್ ಮಿಲ್ಲು, ಹತ್ತಿಯ ಅಂಡಿಗೆಗಳ ಸಾಲು,
ಮಸಿಡಬ್ಬಿ, ಸವೆದ ಬ್ರಶ್ಶು,
ಮೊಣಕಾಲಲ್ಲಿ ಅಚ್ಚು ಒತ್ತಿಹಿಡಿದ ಅಪ್ಪ:
"ಸೊನ್ನಿ ಹೊಟ್ಟಿ ಉದುರಿತಂದ್ರ ಅದು ಸೊನ್ನಿ ಅಲ್ಲ, ಬರೇ ತೂತು.
ತೂತಿಗೆ ಯಾವ ಸಾಹುಕಾರ ರೊಕ್ಕ ಕೊಡ್ತಾನ?"
ಅವನ ಅಂಗಿಯ ತೋಳಿನಲ್ಲಿ ಹತ್ತಿ, ಕೆಮ್ಮಿನಲ್ಲೂ ಹತ್ತಿ.
ಅಂಡಿಗೆ ಮುಂಬಯಿಗೆ ಹೋಯಿತು, ಸಂಖ್ಯೆ ಹೋಯಿತು,
ಒತ್ತಿದವನ ಹೆಸರು ಯಾವುದರ ಮೇಲೂ ಹೋಗಲಿಲ್ಲ.

ಸಮಿತಿ ಸೇರಿತು. ಚಹಾ, ಕೊಬ್ಬರಿ ಮೆತ್ತಿದ ಕೇಕು.
ಆ ತಪ್ಪನ್ನೂ ಹಾಗೇ ಬರೆಯಬೇಕೆ, ನೇರ ಅಚ್ಚೇ ಸಾಕೆ?
ಹಾರುವಾಗ ಹೇಗೂ ಯಾರಿಗೆ ಕಾಣುತ್ತದೆ, ಎಂದಳು ಬೆರಿಲ್.
ನಿಜ. ತಿರುಗಿದರೆ ಉಳಿಯುವುದು ತುದಿಯ ನಾಲ್ಕಂಗುಲ,
ಗಾಳಿಯಲ್ಲಿ ಒಂದು ಹಳದಿ ಬಳೆ,
ಹತ್ತಿರ ಬರಬೇಡ ಎಂದಷ್ಟೇ ಹೇಳುವ ಬಳೆ.
ಅಂಕಿಗಳೆಲ್ಲ ನಿಂತ ಮೇಲಿನ ಓದು,
ಸ್ಪ್ಯಾನರ್ ಹಿಡಿದು ಏಣಿ ಹತ್ತುವವನಿಗೆ.
ನಿಂತ ಮೇಲೆ ಎಂದರೆ
ಮರಳಿ ಬಂದಿದ್ದರೆ.

ಐದಕ್ಕೆ ಮೂರರಂತೆ ಕೈಬರಹದ ಸೊನ್ನೆ ಗೆದ್ದಿತು.
ಬರೆಯಲು ನನಗೇ ಹೇಳಿದರು, ಕ್ಲೆಮ್‌ನ ಕೈ ಈಗ ನಡುಗುತ್ತದೆ.
ಕಾಗದದ ಮೇಲೆ ಮೂರು ಸಲ ಬರೆದೆ.
ಮೂರು ಸಲವೂ ಚೆಂದ ಬಂದು ಕೆಟ್ಟಿತು.
ನಾಲ್ಕನೆಯ ಸಲ, ಅಲಗಿನ ಮೇಲೆ,
ಊಟಕ್ಕೆ ತಡವಾಯಿತು ಎಂದುಕೊಂಡು ಬರೆದೆ.
ಬಾಲ ಹೊರಬಂತು.

ರಾತ್ರಿ ಓಟ್ಸ್ ಡಬ್ಬಿಯ ರಟ್ಟು ಬಿಡಿಸಿ,
ಬ್ಲೇಡಿನಲ್ಲಿ ಅಪ್ಪನ ಹೆಸರು ಕೊರೆದೆ: ಸಂಗಣ್ಣ.
ಸ ನಿಂತಿತು. ಗ ನಿಂತಿತು.
ನಡುವಿನ ಸೊನ್ನೆಗೆ ಸೇತುವೆ ಬಿಡಲು ಮರೆತೆ.
ಅದರ ಹೊಟ್ಟೆ ಸಿಂಕಿನ ಹತ್ತಿರ ಎಲ್ಲೋ ಬಿತ್ತು.

ದೀಪ ಹಾಕಿ ಹುಡುಕುತ್ತಿದ್ದೇನೆ.
ಉದ್ದಿನಬೇಳೆಯಷ್ಟು, ದುಂಡಗೆ,
ಒಂದು ಬದಿ ಕಂದು, ಇನ್ನೊಂದು ಬದಿ
ಡಬ್ಬಿಯ ಚಿತ್ರದ ಆಕಾಶ.